ಸ್ಟ್ಯಾನಿಯ ಬೆನ್ನು ಹತ್ತಿದ ಒಂಟಿ ಸಲಗ

ಕಳೆದ ಜನವರಿಯ ಒಂದು ಸಂಜೆ ಸಕಲೇಶಪುರದಿಂದ ಕುಂದೂರಿನ ಕಡೆಗೆ ನಡೆದುಹೋದ ಒಂಟಿ ಸಲಗದ ಬಗ್ಗೆ ನಮ್ಮ ಕಡೆ ಬೇಕಾದಷ್ಟು ಕಥೆಗಳಿವೆ. ಅದು ಕೊಡಗಿನಿಂದ ಬಂದದ್ದು ಎನ್ನುವವರಿದ್ದಾರೆ. ಮದ ಬಂದಿತ್ತು ಎನ್ನುವವರಿದ್ದಾರೆ. ಮದುಮಗಳಿಗೆ ಸೊಂಡಿಲೆತ್ತಿ ಆಶೀರ್ವಾದ ಮಾಡಿತು ಎಂದು ಆಣೆ ಹಾಕುವವರೂ ಇದ್ದಾರೆ. ನಾನು ಕಾಫಿ ಪುಡಿ ಅಂಗಡಿಯವನು. ಚಿಕೋರಿ ಎಷ್ಟು ಬೆರೆಸಿದ್ದೀಯ ಎಂದು ಗಿರಾಕಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅದೇ ನಿಯತ್ತಿನಿಂದ ಈ ಸಲಗದ ಚರಿತ್ರೆಯನ್ನೂ ಚಿಕೋರಿ ಬೆರೆಸದೆ ಬರೆಯುತ್ತಿದ್ದೇನೆ. ಬರೆಯುವ ಧೈರ್ಯ ಬಂದದ್ದು ಯಾಕೆಂದರೆ, ಕಥಾನಾಯಕನಾದ ನನ್ನ ಗೆಳೆಯ ಸ್ಟ್ಯಾನಿ ಎಸ್ಟೇಟಿನ ಹಾಜರಿ ಪುಸ್ತಕ ಬಿಟ್ಟು ಬೇರೇನನ್ನೂ ಓದುವವನಲ್ಲ.

ಸ್ಟ್ಯಾನಿ ದೋಣಿಗಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಸ್ಟೋರ್ ರೂಮಿಗೆ ಬೀಗ ಹಾಕುವುದು, ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವುದು, ಇಷ್ಟು ಅವನ ವೃತ್ತಿ. ಐವತ್ತು ದಾಟಿದ ಮೇಲೆ ಒಂದು ದಿನ ಯಾರಿಗೂ ಹೇಳದೆ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ತಂದ. ದೇಶ ಸುತ್ತುವವರಿಗೆಂದೇ ಮಾಡಿದ, ಹತ್ತಬೇಕಾದರೆ ಕಲ್ಲಿನ ಮೇಲೆ ನಿಲ್ಲಬೇಕಾದ ಎತ್ತರದ ಬೈಕು. ಅದರಲ್ಲಿ ಅವನು ಮಾಡಿದ ಅತಿ ದೂರದ ಪ್ರವಾಸ ಮಾರನಹಳ್ಳಿಯವರೆಗೆ. ಅಲ್ಲಿ ನಿಂತು ಶಿರಾಡಿ ಘಾಟಿಯ ಇಳಿಜಾರು ನೋಡಿ, "ಬ್ರೇಕ್ ಒಂಚೂರು ನೋಡಿಸ್ಬೇಕು" ಎಂದು ತಿರುಗಿ ಬಂದ.

ಹೆಂಡತಿ ಕ್ಯಾರೋಲಿನ್ ಸಹನೆಯ ಹೆಂಗಸು. ಆದರೂ ಒಂದು ದಿನ, "ಇಷ್ಟು ದೊಡ್ಡ ಗಾಡೀಲಿ ಒಂದು ಕಟ್ಟು ಸೊಪ್ಪು ಇಡಕ್ಕೆ ಜಾಗ ಇಲ್ವಲ್ರೀ" ಎಂದುಬಿಟ್ಟಳು. ಮಾತು ಸ್ಟ್ಯಾನಿಯ ಮರ್ಮಕ್ಕೆ ತಾಗಿತು. ಹದಿನೈದು ದಿನದಲ್ಲಿ ಕೊರಿಯರಿನಲ್ಲಿ ಮೂರು ಅಲ್ಯೂಮಿನಿಯಂ ಪೆಟ್ಟಿಗೆಗಳು ಬಂದವು. ಎರಡು ಅಕ್ಕಪಕ್ಕಕ್ಕೆ, ಒಂದು ಹಿಂದೆ ಸೀಟಿನ ಮೇಲಕ್ಕೆ.

ಸಕಲೇಶಪುರದ ನಾಸಿರನ ಗ್ಯಾರೇಜಿನಲ್ಲಿ ಅವನ್ನು ಬಿಚ್ಚಿದಾಗ ನಾನೂ ಇದ್ದೆ. ಪೆಟ್ಟಿಗೆ ಕೂರಿಸುವ ಕಬ್ಬಿಣದ ಸ್ಟ್ಯಾಂಡನ್ನು ನಾಸಿರ್ ಬೈಕಿಗೆ ಹಿಡಿದು ನೋಡಿದ, ತಿರುಗಿಸಿ ಹಿಡಿದ, ತಲೆಕೆಳಗೆ ಹಿಡಿದ. ಕೊನೆಗೆ ನೆಲದ ಮೇಲಿಟ್ಟು ಕೈ ಒರೆಸಿಕೊಂಡ.

"ಸ್ಟ್ಯಾನಿಯಣ್ಣ, ಇದು ನಿಮ್ ಗಾಡೀದಲ್ಲ."

"ಫೋಟೋದಲ್ಲಿ ಸರಿಯಾಗೇ ಕೂತಿತ್ತಲ್ಲ ಮಾರಾಯ?"

"ಫೋಟೋದಲ್ಲಿದ್ದ ಗಾಡಿಗೆ ಕೂತಿತ್ತು."

ಸ್ಟ್ಯಾನಿ ಪೆಟ್ಟಿಗೆಯನ್ನೊಮ್ಮೆ, ಬೈಕನ್ನೊಮ್ಮೆ ನೋಡಿದ. "ಹಂಗಾದ್ರೆ ಗಾಡೀನೇ ಒಂಚೂರು ಅಡ್ಜಸ್ಟ್ ಮಾಡು" ಎಂದ.

ನಾಸಿರ್ ಕೊಯ್ದ, ವೆಲ್ಡ್ ಮಾಡಿದ, ತೂತು ಕೊರೆದ. ಬಲಗಡೆ ಸೈಲೆನ್ಸರ್ ಇದ್ದದ್ದರಿಂದ ಆ ಕಡೆಯ ಪೆಟ್ಟಿಗೆಯನ್ನು ಒಂದು ಗೇಣು ಹೊರಗೆ ತಂದ. ತಾಗಿದರೆ ಒಳಗಿನ ಸಾಮಾನೆಲ್ಲ ಬೆಂದುಹೋಗುತ್ತದೆ. ಎಡಗಡೆಯದು ಮೈಗೆ ಅಂಟಿಕೊಂಡು ಚೆನ್ನಾಗಿ ಕೂತಿತು. ಸ್ಟ್ಯಾನಿ ಬೈಕಿನ ಹಿಂದೆ ಹೋಗಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ಹಲ್ಲು ನೋವಿಗೆ ಒಂದು ಕೆನ್ನೆ ಊದ್ಕೊಂಡಂಗೆ ಕಾಣ್ತದೆ. ಎಡಗಡೇನೂ ಅಷ್ಟೇ ಹೊರಗೆ ತಾ. ಸಮ ಇರ್ಲಿ."

"ಅಣ್ಣಾ, ಗಾಡಿ ಅಗಲ ಆಗೋಯ್ತದೆ."

"ಆಗ್ಲಿ. ರಸ್ತೆ ಅಗಲ ಐತಲ್ಲ."

ಹೀಗೆ ಎರಡು ಕಡೆಯೂ ಸಮವಾಗಿ ಅಗಲವಾಯಿತು. ಈಗ ಹೊಸ ಪೆಟ್ಟಿಗೆಗೆ ಗೀರು ಬೀಳಬಾರದು ಎಂಬ ಚಿಂತೆ ಹತ್ತಿತು. ಪೆಟ್ಟಿಗೆಯ ಜೊತೆ ಬಂದ ಕವರು ಈ ಅಗಲಕ್ಕೆ ಹತ್ತಲಿಲ್ಲ. ನಾಸಿರ್ ತನ್ನ ಪರಿಚಯದ ಸೀಟ್ ಕವರಿನವನ ಹತ್ತಿರ ಬೂದು ಬಣ್ಣದ ಲಾರಿ ಟಾರ್ಪಾಲಿನಲ್ಲಿ ಮೂರೂ ಪೆಟ್ಟಿಗೆಗೆ ಸೇರಿಸಿ ಒಂದೇ ಗವಸು ಹೊಲಿಸಿದ. ಗಾಡಿ ನಿಲ್ಲಿಸಿದಾಗ ಮುಂದಕ್ಕೆಳೆದರೆ ಇಡೀ ಬೈಕೇ ಮುಚ್ಚಿಹೋಗುವಷ್ಟು ಉದ್ದ.

"ಹಿಂದಿನ ಲೈಟು, ನಂಬರ್ ಪ್ಲೇಟು ಎಲ್ಲಾ ಮುಚ್ಕೊಂಡೋಯ್ತಲ್ಲಣ್ಣ."

"ಹಿಂದೆ ಬರೋರು ಅವರ ಲೈಟಲ್ಲಿ ನೋಡ್ಕೊಳ್ತಾರೆ ಬಿಡೋ."

ಗವಸನ್ನು ಬಿಗಿಯುವ ಕಪ್ಪು ಬೆಲ್ಟು ಹಿಂದುಗಡೆ ಒಂದು ಮೊಳ ಮಿಕ್ಕಿ ಜೋತುಬಿತ್ತು. ಅದರ ತುದಿ ಆಗಲೇ ಎಳೆ ಬಿಟ್ಟು ಕುಚ್ಚಾಗಿತ್ತು. ಕತ್ತರಿಸಲಾ ಎಂದು ನಾಸಿರ್ ಕೇಳಿದ. ಸ್ಟ್ಯಾನಿ ತಡೆದ.

"ಬೇಡ, ಇರ್ಲಿ. ಯಾವತ್ತಾದ್ರೂ ಕೆಲ್ಸಕ್ಕೆ ಬರ್ತದೆ."

ಕೆಲಸಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ. ಅಂತೂ ಪೆಟ್ಟಿಗೆ ಬಂದು ತಿಂಗಳಾದರೂ ಸಕಲೇಶಪುರದಲ್ಲಿ ಒಬ್ಬರೂ ಪೆಟ್ಟಿಗೆಯ ಮುಖ ನೋಡಲಿಲ್ಲ. ನೋಡಿದ್ದು ಟಾರ್ಪಾಲನ್ನೇ. "ಪೆಟ್ಟಿಗೆಗೆ ಹೊದಿಕೆ ಆಯ್ತು. ಹೊದಿಕೆಗೆ ಏನು ತರ್ತೀರಾ?" ಎಂದು ಕ್ಯಾರೋಲಿನ್ ಕೇಳಿದಳು. ಸ್ಟ್ಯಾನಿ ಅದನ್ನೂ ಯೋಚಿಸುತ್ತಿದ್ದನೆಂದು ನನಗೆ ಅನುಮಾನ.

ಈಗ ಮದುವೆಯ ವಿಷಯ. ಸ್ಟ್ಯಾನಿಯ ಅಕ್ಕನನ್ನು ಕುಂದೂರಿನ ಆಚೆಯ ಒಂದು ಸಣ್ಣ ಕಾಫಿ ತೋಟದ ಮನೆಗೆ ಕೊಟ್ಟಿದೆ. ಅಕ್ಕನ ಕಿರಿಮಗಳು ಏಂಜೆಲಾಳ ಮದುವೆ ಗೊತ್ತಾಗಿತ್ತು. ಕೊಂಕಣಿ ಕ್ರೈಸ್ತರಾದ ಇವರಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಕೂರಿಸಿ, ತೆಂಗಿನಕಾಯಿಯ ಹಾಲು ಹಚ್ಚಿ, ಹರಸಿ, ಮೀಯಿಸುತ್ತಾರೆ. ಆ ಕಾಯಿ ಸೋದರಮಾವನ ಮನೆಯಿಂದಲೇ ಬರಬೇಕು ಎಂಬುದು ಅವರ ಮನೆತನ ನಡೆಸಿಕೊಂಡು ಬಂದ ಪದ್ಧತಿ.

ಹಿರಿಮಗಳ ಮದುವೆಯಲ್ಲೂ ಸೋದರಮಾವ ಕಾಯಿ ತೆಗೆದುಕೊಂಡು ಹೊರಟಿದ್ದ. ಆವತ್ತು ಅದೇ ದಾರಿಯಲ್ಲಿ ಇನ್ನೊಂದು ಮನೆಯಲ್ಲೂ ರೋಸ್ ಇತ್ತು. ಚಪ್ಪರ ಕಂಡವನೇ ಸ್ಟ್ಯಾನಿ ಒಳಗೆ ನುಗ್ಗಿ, ಕಾಯಿ ಒಪ್ಪಿಸಿ, ಯಾರದೋ ಮನೆಯ ಮದುಮಗಳ ತಲೆಗೆ ಹಾಲು ಹಚ್ಚಿ, ಕಣ್ಣೊರೆಸಿಕೊಂಡು, ಊಟಕ್ಕೆ ಕೂತ ಮೇಲೆ ಪಕ್ಕದವರನ್ನು "ಭಾವ ಎಲ್ಲಿ?" ಎಂದು ಕೇಳಿದ. ಇತ್ತ ಅಕ್ಕನ ಮನೆಯಲ್ಲಿ ಕಾದು ಕಾದು ಅಂಗಡಿಯ ಪ್ಯಾಕೆಟ್ ತೆಂಗಿನ ಹಾಲಿನಲ್ಲಿ ಶಾಸ್ತ್ರ ಮುಗಿಸಿದರು. ಭಾವ ಗಡಿಯಾರದ ಮನುಷ್ಯ. ಅಂದಿನಿಂದ ಸ್ಟ್ಯಾನಿಯ ಹೆಸರು ಬಂದಾಗಲೆಲ್ಲ ಅವರು, "ಯಾರು, ಪ್ಯಾಕೆಟ್ ಮಾವನಾ?" ಎನ್ನುತ್ತಿದ್ದರು. ಸ್ಟ್ಯಾನಿ ನಗುತ್ತಿದ್ದ. ಆದರೆ ಅವನಿಗೆ ಅದು ಎಷ್ಟು ನೋವು ಕೊಡುತ್ತಿತ್ತೆಂದು ನನಗೆ ಗೊತ್ತು.

ಏಂಜೆಲಾ ಮಾತ್ರ ಮಾವನ ಪಕ್ಷ. ಹುಡುಗಿ ಖುದ್ದಾಗಿ ದೋಣಿಗಲ್ಲಿಗೆ ಬಂದು, "ಮಾಮಾ, ನನ್ ತಲೆ ಮೇಲೆ ಪ್ಯಾಕೆಟ್ ಹಾಲು ಬೀಳ್ಬಾರ್ದು. ನಿಮ್ ಕಾಯಿ ಬಂದ್ರೇನೇ ನಾನು ಮಣೆ ಮೇಲೆ ಕೂರೋದು" ಎಂದು ಹೇಳಿ ಹೋಗಿದ್ದಳು. ಭಾವನೂ ಹೇಳಿ ಕಳಿಸಿದ್ದರು. ಐದು ಗಂಟೆಗೆ ಶಾಸ್ತ್ರ, ಐದು ಹೊಡೆದ ಕೂಡಲೇ ಪ್ಯಾಕೆಟ್ ಕತ್ತರಿಸುವುದು.

ಆ ದಿನ ಮಧ್ಯಾಹ್ನ ಕ್ಯಾರೋಲಿನ್ ಮತ್ತು ನಾನು ಜೀಪಿನಲ್ಲಿ ಮುಂದೆ ಹೋದೆವು. ಸ್ಟ್ಯಾನಿ ಜೀಪು ಹತ್ತಲು ಒಪ್ಪಲಿಲ್ಲ. ಇಷ್ಟು ದೊಡ್ಡ ಪೆಟ್ಟಿಗೆ ಮಾಡಿಸಿದ್ದು ಯಾಕೆ ಮತ್ತೆ? ಸುಲಿದ ಕಾಯಿಗಳನ್ನು ಅಕ್ಕಪಕ್ಕದ ಎರಡೂ ಪೆಟ್ಟಿಗೆಗೆ ತುಂಬಿದ್ದ. ಅಲ್ಲಾಡದ ಹಾಗೆ ಗೋಣಿ ಹಾಕಿ ಎಂದು ಕ್ಯಾರೋಲಿನ್ ಹೇಳಿದ್ದಕ್ಕೆ, "ಗೋಣಿ ಹಾಕಿದ್ರೆ ಎರಡು ಕಾಯಿ ಕಮ್ಮಿ ಹಿಡೀತಾವೆ" ಎಂದ. ನಾವು ಹೋಗುವ ಹೊತ್ತಿಗೆ ಮೋಡ ಕಟ್ಟಿತ್ತು. ಈಗೀಗ ಜನವರಿಗೂ ಮರ್ಯಾದೆ ಇಲ್ಲ. ಕಣದಲ್ಲಿ ಕಾಫಿ ಒಣಗಲು ಹಾಕಿರುವ ಕಾಲದಲ್ಲೇ ತುಂತುರು ಹನಿದು, ಅದರ ಹಿಂದೆ ಮಂಜು ಇಳಿಯಿತು. ದಾರಿಯುದ್ದಕ್ಕೂ ಜನ ಕಾಫಿಗೆ ಟಾರ್ಪಾಲು ಹೊದಿಸುತ್ತಿದ್ದರು.

ಮುಂದಿನ ಸಂಗತಿಗಳನ್ನು ನಾನು ಸ್ಟ್ಯಾನಿಯ ಬಾಯಿಂದ ಮತ್ತು ನಮ್ಮ ಆನೆ ವಾಟ್ಸಾಪ್ ಗ್ರೂಪಿನ ಸಂದೇಶಗಳಿಂದ ಕೂಡಿಸಿ ಹೇಳುತ್ತಿದ್ದೇನೆ. ಆನೆ ಎಲ್ಲಿ ಕಂಡರೂ ತಕ್ಷಣ ಈ ಗ್ರೂಪಿಗೆ ಹೇಳಬೇಕು. ತೋಟದವರು, ಡ್ರೈವರುಗಳು, ಅರಣ್ಯ ಇಲಾಖೆಯವರು, ಎಲ್ಲರೂ ಅದರಲ್ಲಿದ್ದಾರೆ. ಆ ಸಂದೇಶ ನೋಡದೆ ನಮ್ಮ ಕಡೆ ಯಾರೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಜೀವದ ಪ್ರಶ್ನೆ ಅದು, ತಮಾಷೆಯಲ್ಲ.

ಸ್ಟ್ಯಾನಿ ಸಕಲೇಶಪುರ ದಾಟಿ ಒಳರಸ್ತೆಗೆ ತಿರುಗಿ ಸ್ವಲ್ಪ ದೂರ ಹೋದ ಮೇಲೆ ಟಾರ್ಪಾಲು ಪಟಪಟ ಹೊಡೆದುಕೊಳ್ಳತೊಡಗಿತು. ಮೋರಿಯ ತಿರುವಿನಲ್ಲಿ ನಿಲ್ಲಿಸಿ, ಬೈಕಿನ ಆಚೆ ಬದಿಗೆ ಬಗ್ಗಿ ಗಂಟು ಬಿಗಿಯುತ್ತಿದ್ದ. ಆಗ ಹಿಂದಿನಿಂದ ಆಳುಗಳನ್ನು ತುಂಬಿಕೊಂಡ ಎಸ್ಟೇಟ್ ಜೀಪೊಂದು ಬಂತು. ಜೀಪಿನವರಿಗೆ ಮಂಜಿನಲ್ಲಿ ಕಂಡದ್ದು ಇಷ್ಟು: ರಸ್ತೆ ಬದಿಯಲ್ಲಿ ಬೂದು ಬಣ್ಣದ ಅಗಲವಾದ ಹಿಂಭಾಗ, ಎರಡೂ ಕಡೆ ಸಮವಾಗಿ ಉಬ್ಬಿದ ತೊಡೆ, ನಡುವೆ ಗಾಳಿಗೆ ಅತ್ತಿತ್ತ ಬೀಸುವ ಬಾಲ, ಬಾಲದ ತುದಿಗೆ ಕುಚ್ಚು. ಜೀಪು ನಿಂತಲ್ಲಿಂದ ಹಿಮ್ಮುಖವಾಗಿಯೇ ಹಾರಿಹೋಯಿತು.

"ಯಾರಪ್ಪ ಇವರು, ರಿವರ್ಸಲ್ಲೇ ಸಕಲೇಶಪುರಕ್ಕೆ ಹೋಗ್ತಾವ್ರೆ" ಎಂದುಕೊಂಡು ಸ್ಟ್ಯಾನಿ ಗಂಟು ಬಿಗಿದ. ಅಷ್ಟರಲ್ಲಿ ಜೇಬಿನ ಫೋನು ಟಿಂಗ್ ಎಂದಿತು. ಆ ಜೀಪಿನ ಡ್ರೈವರನ ಧ್ವನಿ ಸಂದೇಶ: "ಮೋರಿ ತಿರುವಲ್ಲಿ ಒಂಟಿ ಸಲಗ ಐತೆ ಕಣ್ರಪ್ಪೋ! ರಸ್ತೇಲೇ ನಿಂತ್ಬುಟ್ಟೈತೆ! ಯಾರೂ ಬರ್ಬೇಡಿ!"

ಸ್ಟ್ಯಾನಿ ಮೋರಿಯನ್ನು ನೋಡಿದ. ತಿರುವನ್ನು ನೋಡಿದ. ತಾನು ನಿಂತಿರುವುದು ಅಲ್ಲೇ ಎಂದು ಖಚಿತವಾಯಿತು. ಆನೆ ಮಾತ್ರ ಕಾಣಲಿಲ್ಲ. ಕಾಣದ ಆನೆ ಕಂಡ ಆನೆಗಿಂತ ಅಪಾಯ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಎಂಜಿನ್ ಹಾಕಿದರೆ ಆನೆಗೆ ಗೊತ್ತಾಗುತ್ತದೆಂದು ಬೈಕನ್ನು ನ್ಯೂಟ್ರಲ್ಲಿನಲ್ಲಿ ಇಳಿಜಾರಿಗೆ ಬಿಟ್ಟ. ಲೈಟನ್ನೂ ಆರಿಸಿದ.

ಇಳಿಯತೊಡಗಿದ ಕೂಡಲೇ ಬೆನ್ನ ಹಿಂದೆ ಗುಡುಗುಡು ಸದ್ದು ಕೇಳಿಸಿತು.

ಅದು ಪೆಟ್ಟಿಗೆಯೊಳಗೆ ಉರುಳಾಡುವ ಕಾಯಿಗಳ ಸದ್ದು. ಅಲ್ಲಿಯವರೆಗೆ ಎಂಜಿನ್ನಿನ ಗದ್ದಲದಲ್ಲಿ ಅವನ ಕಿವಿಗೆ ಬಿದ್ದಿರಲಿಲ್ಲ. ಸ್ಟ್ಯಾನಿ ವೇಗವಾಗಿ ಇಳಿದರೆ ಸದ್ದೂ ವೇಗವಾಯಿತು. ಭಯಕ್ಕೆ ಬ್ರೇಕ್ ಹಿಡಿದು ನಿಂತರೆ ಸದ್ದೂ ನಿಂತಿತು. ಮತ್ತೆ ಹೊರಟರೆ ಮತ್ತೆ ಹೊರಟಿತು. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಇಷ್ಟು ಜಾಣ ಆನೆಯನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ.

ಇಳಿಜಾರಿನ ಬುಡದಲ್ಲಿ ಬೆಟ್ಟಮ್ಮನ ಟೀ ಅಂಗಡಿ. ಬೆಟ್ಟಮ್ಮ ಸಂದೇಶ ಕೇಳಿ ಆಗಲೇ ತಗಡಿನ ಬಾಗಿಲು ಹಾಕಿಕೊಂಡು ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟಿದ್ದಳು. ಗುಡುಗುಡು ಎನ್ನುತ್ತಾ ಮಂಜಿನಿಂದ ಒಂದು ಬೂದು ಗುಡ್ಡ ಇಳಿದು ಬಂದು ಅವಳ ಅಂಗಡಿಯ ಮುಂದೆಯೇ ನಿಂತಿತು. ಬೆಟ್ಟಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಸ್ಟ್ಯಾನಿ ಇಳಿದು ಬಾಗಿಲು ಬಡಿದ. ಕೂಗಬೇಕೆಂದರೆ ಗಂಟಲು ಒಣಗಿ ಧ್ವನಿ ಹೊರಡಲಿಲ್ಲ. ಹೆಲ್ಮೆಟ್ಟಿನಿಂದ ದಬದಬ ಬಡಿದ. ಒಳಗೆ ಬೆಟ್ಟಮ್ಮ, "ಗಣಪ್ಪಾ, ಬಡವಿ ಅಂಗಡಿ ಕೆಡವಬೇಡ್ವೋ! ತಗಳಪ್ಪ, ತಿಂದ್ಕೊಂಡು ಹೋಗಪ್ಪ!" ಎಂದು ಅಳುತ್ತಾ ಬಾಗಿಲ ಪಕ್ಕದ ಕಿಟಕಿಯಿಂದ ಒಂದು ಬಾಳೆಗೊನೆಯನ್ನು ಹೊರಗೆಸೆದಳು.

ಬಾಳೆಗೊನೆ ಸ್ಟ್ಯಾನಿಯ ಕಾಲ ಹತ್ತಿರ ಬಂದು ಬಿತ್ತು. ಬಾಗಿಲು ತೆಗೆಯದಿದ್ದರೂ ಹೆಂಗಸಿಗೆ ಎಷ್ಟು ದೊಡ್ಡ ಮನಸ್ಸು ಎಂದು ಅವನಿಗೆ ಕಣ್ಣು ತುಂಬಿತು. ಮದುವೆ ಮನೆಗೆ ಆಯಿತೆಂದು ಗೊನೆಯನ್ನು ಟಾರ್ಪಾಲಿನ ಮೇಲೆ ಕಟ್ಟಿಕೊಂಡು ಹೊರಟ. ಹೊರಟು ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್. ಬೆಟ್ಟಮ್ಮನ ಧ್ವನಿ: "ಬಾಗ್ಲು ಗುದ್ತು, ಗೊನೆ ತಗಂಡು ಕುಂದೂರು ಕಡೆ ಹೋಗ್ಬುಡ್ತು ಕಣ್ರಪ್ಪಾ!"

"ಅಯ್ಯೋ ಪಾಪ, ನಾನು ಈ ಕಡೆ ಬರೋದಕ್ಕೂ ಅದು ಅಲ್ಲಿಗೆ ಹೋಗಕ್ಕೂ ಸರಿಹೋಗೈತೆ. ಅವಳ ಇನ್ನೊಂದು ಗೊನೇನೂ ಹೋಯ್ತು" ಎಂದು ಸ್ಟ್ಯಾನಿ ಮರುಗಿದ.

ಕುಂದೂರಿನ ಕಡೆಯಿಂದ ಎದುರಿಗೆ ಅರಣ್ಯ ಇಲಾಖೆಯ ಜೀಪು ಬಂತು. ಅದರಲ್ಲಿ ಗಾರ್ಡ್ ಮಹಾದೇವಯ್ಯ ಮತ್ತು ಆನೆ ಓಡಿಸುವ ತಂಡ. ಮಹಾದೇವಯ್ಯನಿಗೆ ಕಂಡದ್ದು ಬೈಕಿನ ಮುಂಭಾಗ ಮತ್ತು ಬಿಳುಚಿಕೊಂಡ ಸ್ಟ್ಯಾನಿಯ ಮುಖ. ಮುಂದಿನಿಂದ ನೋಡಿದರೆ ಸ್ಟ್ಯಾನಿ ಮನುಷ್ಯನೇ.

"ಏನ್ರೀ, ಮೆಸೇಜ್ ನೋಡ್ಲಿಲ್ವಾ? ರಸ್ತೆ ಕ್ಲೋಸ್ ಮಾಡೀವಿ."

"ಸಾರ್, ನನ್ ಹಿಂದೇನೇ ಐತೆ ಸಾರ್! ನಾನು ಹೋದ್ರೆ ಬರ್ತದೆ, ನಿಂತ್ರೆ ನಿಲ್ತದೆ."

ಮಹಾದೇವಯ್ಯ ಟೋಪಿ ಸರಿ ಮಾಡಿಕೊಂಡು ಜೀಪಿನಿಂದ ಇಳಿದ. ಅವನ ನೌಕರಿಯಲ್ಲಿ ಆನೆಯನ್ನು ಇಷ್ಟು ಹತ್ತಿರದಿಂದ ಕಂಡ ಸಾಕ್ಷಿ ಸಿಕ್ಕಿದ್ದು ಅದೇ ಮೊದಲು. ಗೌರವದಿಂದ ಕೇಳಿದ: "ದಂತ ಐತಾ?"

ಸ್ಟ್ಯಾನಿ ಆನೆಯ ಒಂದು ಕೂದಲನ್ನೂ ಕಂಡಿರಲಿಲ್ಲ. ಆದರೆ ಸರ್ಕಾರವೇ ಜೀಪಿನಿಂದಿಳಿದು ಇಷ್ಟು ಮರ್ಯಾದೆಯಿಂದ ಕೇಳುವಾಗ ಇಲ್ಲ ಎನ್ನುವುದು ಹೇಗೆ?

"ಐತೆ ಸಾರ್."

"ಒಂದಾ, ಎರಡಾ?"

"ಎರಡು ಸಾರ್. ಸಮ ಇದಾವೆ."

"ಮೈಕಟ್ಟು?"

"ಅಗಲ ಸಾರ್. ಎರಡು ಕಡೇನೂ ಒಂದೊಂದು ಗೇಣು ಜಾಸ್ತಿ ಅನ್ನಿ."

ಮಹಾದೇವಯ್ಯ ತಂಡದವರ ಕಡೆ ತಿರುಗಿ ತಲೆಯಾಡಿಸಿದ. "ನಮ್ ಕಡೆ ಗುಂಪಿಂದಲ್ಲ ಕಣ್ರೋ ಇದು. ಹೊಸಾದು." ಅದನ್ನೇ ಗ್ರೂಪಿಗೂ ಹೇಳಿದ. ಆಮೇಲೆ ಸ್ಟ್ಯಾನಿಯನ್ನು ವಾಪಸು ಕಳಿಸಲು ಹೊರಟಾಗ ಸ್ಟ್ಯಾನಿ ಕೈ ಮುಗಿದುಬಿಟ್ಟ.

"ಸಾರ್, ನಮ್ ಹುಡುಗಿ ಮಣೆ ಮೇಲೆ ಕೂರಲ್ಲ ಅಂತ ಕಾಯ್ತಾವ್ಳೆ. ಸೋದರಮಾವನ ಕಾಯಿ ಸಾರ್. ಒಂದ್ಸಲ ತಪ್ಪಿಸಿದೀನಿ. ಈ ಸಲಾನೂ ತಪ್ಪಿಸಿದ್ರೆ ನಾನು ಅವಳಿಗೆ ಮುಖ ತೋರ್ಸಕ್ಕಾಗಲ್ಲ."

ಮಹಾದೇವಯ್ಯನೂ ಒಬ್ಬಳು ಹುಡುಗಿಗೆ ಸೋದರಮಾವ. ಜೀಪನ್ನು ಬದಿಗೆ ಸರಿಸಲು ಸನ್ನೆ ಮಾಡಿ ಹೇಳಿದ: "ಹೋಗಿ. ಲೈಟ್ ಹಾಕ್ಬೇಡಿ, ಹಾರ್ನ್ ಹೊಡೀಬೇಡಿ. ತೋಟದ ಇಳಿಜಾರು ಬಂದ ಮೇಲೆ ಎಂಜಿನ್ ಆಫ್ ಮಾಡ್ಕೊಂಡು ಸದ್ದಿಲ್ದಂಗೆ ಇಳ್ಕೊಳ್ಳಿ. ನಾವು ಹಿಂದೆ ಇರೋ ಆನೇನ ನೋಡ್ಕೊಳ್ತೀವಿ." ಬೈಕು ಪಕ್ಕದಲ್ಲಿ ದಾಟುವಾಗ ತಂಡದವರೆಲ್ಲ ಮಂಜಿನೊಳಗೆ ಆನೆಯನ್ನು ಹುಡುಕುವುದರಲ್ಲಿದ್ದರು. ಬಾಲ ಅವರ ಮೂಗಿನ ಮುಂದೆಯೇ ಹಾದುಹೋಯಿತು.

ಇತ್ತ ಮದುವೆ ಮನೆಯಲ್ಲಿ ನಾವೆಲ್ಲ ಹಾಲ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಒಂದೊಂದು ಟಿಂಗ್‌ಗೂ ಆನೆ ನಮ್ಮ ಕಡೆಗೆ ಬರುತ್ತಿತ್ತು. ಭಾವ ಗೇಟಿಗೆ ಸರಪಳಿ ಹಾಕಿಸಿದ್ದರು. ಮೇಜಿನ ಮೇಲೆ ತೆಂಗಿನ ಹಾಲಿನ ಪ್ಯಾಕೆಟ್ಟು, ಅದರ ಪಕ್ಕದಲ್ಲಿ ಕತ್ತರಿ, ಅದರ ಎದುರಿಗೆ ಕೈಗಡಿಯಾರ ಬಿಚ್ಚಿಟ್ಟುಕೊಂಡು ಭಾವ. ಏಂಜೆಲಾ ಹಳೇ ಸೀರೆಯುಟ್ಟು ಕಿಟಕಿಯ ಹತ್ತಿರ ನಿಂತಿದ್ದಳು. ಮಣೆ ಖಾಲಿ ಇತ್ತು. ಕ್ಯಾರೋಲಿನ್ ಜಪಮಾಲೆ ಹಿಡಿದು ಒಂದೇ ಸಮನೆ ಪ್ರಾರ್ಥಿಸುತ್ತಿದ್ದಳು. ಗಂಡ ಆ ದಾರಿಯಲ್ಲೇ ಎಲ್ಲೋ ಇದ್ದ, ಅವಳಿಗೆ ಮಿಕ್ಕಿದ್ದೇನೂ ಬೇಕಿರಲಿಲ್ಲ.

ಐದಕ್ಕೆ ಇನ್ನೇನು ಕೆಲವೇ ನಿಮಿಷ ಇರುವಾಗ ತೋಟದ ಇಳಿಜಾರಿನಿಂದ ಗುಡುಗುಡು ಸದ್ದು ಇಳಿದು ಬಂತು. ಕಣದ ಆಚೆ, ಗೇಟಿನ ಕಂಬದ ಹತ್ತಿರ, ಮಂಜಿನಲ್ಲಿ ಬೂದು ಬಣ್ಣದ ದೊಡ್ಡದೊಂದು ಆಕಾರ ಬಂದು ನಿಂತಿತು. ಆಕಾರ ಕಂಬಕ್ಕೆ ಮೈ ಒರಗಿಸಿತು. ಆಮೇಲೆ ನೋಡನೋಡುತ್ತಾ ಇನ್ನಷ್ಟು ಉದ್ದವಾಯಿತು, ಮುಂದುಗಡೆ ಒಂದು ತಲೆಯೂ ಬಂತು. ಗೇಟಿಗೆ ಸರಪಳಿ ಕಂಡ ಸ್ಟ್ಯಾನಿ, ಆನೆ ಹಿಂದಿನಿಂದ ಬಂದೇಬಿಟ್ಟಿತೆಂದು ಟಾರ್ಪಾಲನ್ನು ಮುಂದಕ್ಕೆಳೆದು ಬೈಕಿನ ಸಮೇತ ತಾನೂ ಹೊದ್ದುಕೊಂಡಿದ್ದ. ಇದು ನಮಗೆ ಆಗ ಗೊತ್ತಿರಲಿಲ್ಲ.

ಏಂಜೆಲಾ ಮಾವನಿಗೆ ಫೋನ್ ಹಚ್ಚಿದಳು. ಇವರ ಮನೆಮಾತು ಕೊಂಕಣಿ, ಆದರೆ ಆ ಹೊತ್ತಿನ ಗಾಬರಿಗೆ ಎಲ್ಲರೂ ಕನ್ನಡಕ್ಕೆ ಇಳಿದಿದ್ದರು. ಸ್ಟ್ಯಾನಿ ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತದೆ, ಹಾಗಾಗಿ ಅವಳ ಪಕ್ಕದಲ್ಲಿದ್ದ ನನಗೆ ಎರಡೂ ಕಡೆ ಕೇಳಿಸಿತು.

"ಮಾಮಾ, ಎಲ್ಲಿದೀರಾ?"

"ಹೊರಗೆ ಬರ್ಬೇಡ ಮಗಾ! ನಿಮ್ ಗೇಟ್ ಹತ್ರಾನೇ ಇದೀನಿ. ಆನೆ ನನ್ ಹಿಂದೇನೇ ಐತೆ!"

"ಗೇಟ್ ಹತ್ರ ಆನೆ ಒಂದೇ ಕಾಣ್ತಿರೋದು ಮಾಮಾ. ನೀವೆಲ್ಲಿ?"

"ಕಂಬಕ್ಕೆ ಒರಗ್ಕೊಂಡಿದೀನಿ."

"ಅದೇ ಕಂಬಕ್ಕೆ ಆನೆ ಒರಗ್ಕೊಂಡೈತೆ!"

"ಯೇಸುವೇ! ಯಾವ ಕಡೆ?"

"ಎಡಕ್ಕೆ, ಎಡಕ್ಕೆ ನೋಡಿ!"

ಬೂದು ತಲೆ ಎಡಕ್ಕೆ ಹೊರಳಿತು. "ತಿರುಗ್ತು! ತಿರುಗ್ತು!" ಎಂದು ಹಾಲ್‌ನಲ್ಲಿ ಹೆಂಗಸರು ಕಿರುಚಿದರು.

"ಏನೂ ಕಾಣಲ್ಲ ಮಗಾ. ಎಲ್ಲಾ ಕತ್ಲೆ."

"ಇನ್ನೂ ಬೆಳಕೈತಲ್ಲ ಮಾಮಾ. ನಿಮಗ್ಯಾಕೆ ಕತ್ಲೆ?"

"ಟಾರ್ಪಾಲು ಹೊದ್ಕೊಂಡಿದೀನಿ."

ಏಂಜೆಲಾ ಕಿಟಕಿಯ ಗಾಜು ಒರೆಸಿದಳು. ಕಿಟಕಿಯ ಹತ್ತಿರಕ್ಕೆ ಇನ್ನೂ ಬಗ್ಗಿ ನೋಡಿದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು: "ಮಾಮಾ, ನಿಮ್ ಬಲಗೈ ಮೇಲೆತ್ತಿ."

"ಯಾಕೆ?"

"ಎತ್ತಿ ಮಾಮಾ."

ಗೇಟಿನ ಹತ್ತಿರ ನಿಧಾನವಾಗಿ ಸೊಂಡಿಲು ಮೇಲೆದ್ದಿತು. ಅಕ್ಕ ನೆಲಕ್ಕೆ ಮಂಡಿಯೂರಿ, "ದೇವರೇ, ನನ್ ಮಗಳಿಗೆ ಆಶೀರ್ವಾದ ಮಾಡ್ತೈತೆ!" ಎಂದು ಬಿಕ್ಕಿದಳು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಏಂಜೆಲಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಆಗ ಮತ್ತೆ ಟಿಂಗ್. ಮಹಾದೇವಯ್ಯನ ಧ್ವನಿ: "ಕುಂದೂರು ತೋಟದ ಗೇಟಲ್ಲಿ ಕಂಡೈತಂತೆ. ನಾವು ಬಂದ್ವಿ. ಪಟಾಕಿ ಹಚ್ತೀವಿ, ಯಾರೂ ಹೊರಗೆ ಬರ್ಬೇಡಿ." ಭಾವ ಗಡಿಯಾರ ನೋಡಿ ಕತ್ತರಿ ಕೈಗೆತ್ತಿಕೊಂಡರು.

ಏಂಜೆಲಾ ಬಾಗಿಲ ಚಿಲಕ ತೆಗೆದು ಹೊರಗೋಡಿದಳು. ಬರಿಗಾಲಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು, ನೇರ ಆನೆಯ ಕಡೆಗೆ. ಭಾವನ ಕೈಯಿಂದ ಕತ್ತರಿ ಬಿತ್ತು. "ಮಗಳೇ!" ಎಂದು ಕೂಗಿದ ಆ ಧ್ವನಿಯನ್ನು ನಾನು ಮರೆಯುವುದಿಲ್ಲ. ಎಲ್ಲರೂ ಮುಂದಾಗುವುದನ್ನು ನೋಡಲಾರದೆ ಕಣ್ಣು ಮುಚ್ಚಿ ಹೊಸಿಲಲ್ಲೇ ಕಲ್ಲಾಗಿ ನಿಂತರು. ನಾನು ಅವಳ ಹಿಂದೆ ಕಣದವರೆಗೆ ಓಡಿದೆ.

ಅವಳು ಗೇಟಿನ ಸಂದಿಯಲ್ಲಿ ನುಸುಳಿ ಟಾರ್ಪಾಲಿಗೆ ಬಾಯಿ ಇಟ್ಟು, "ಮಾಮಾ, ಆನೆ ಹೋಯ್ತು. ನಾನು ಓಡಿಸ್ದೆ. ಕಣ್ಣು ಮುಚ್ಕೊಂಡೇ ಇರಿ, ನಾನು ಹೇಳೋ ತನಕ ತೆಗೀಬೇಡಿ" ಎಂದಳು. ಬೆಲ್ಟು ಬಿಚ್ಚಿದಳು, ಗವಸನ್ನು ಸರ್ರನೆ ಎಳೆದು ಮುದ್ದೆ ಮಾಡಿ ನನ್ನ ಕಡೆಗೆಸೆದಳು. ಕಣದ ತುಂಬ ಕಾಫಿಗೆ ಹೊದಿಸಿದ ಟಾರ್ಪಾಲುಗಳೇ. ನಾನು ಆನೆಯನ್ನು ಅವುಗಳ ಕೆಳಗೆ ತುರುಕಿದೆ. ಬಾಲವನ್ನೂ ಒಳಗೆ ಸೇರಿಸಿದೆ.

"ಅಂಕಲ್, ನೀವೇನೂ ನೋಡಿಲ್ಲ" ಎಂದಳು ಏದುಸಿರಲ್ಲಿ. "ಪ್ಯಾಕೆಟ್ ಮಾವ ಅನ್ನೋದೇ ಸಾಕು. ನಾಳೆ ಮದುವೇಲಿ ಇಡೀ ಊರು ಇದನ್ನ ಹೇಳ್ಕೊಂಡು ನಗೋದು ಬೇಡ."

"ನಾನು ನೋಡಿದ್ದು ಆನೆ ಒಂದನ್ನೇ ಕಣಮ್ಮ" ಎಂದೆ.

ಮನೆಯವರು ಧೈರ್ಯ ತಂದುಕೊಂಡು ಬರುವಷ್ಟರಲ್ಲಿ ಗೇಟಿನ ಹತ್ತಿರ ಇದ್ದದ್ದು ಕಣ್ಣು ಮುಚ್ಚಿ ನಿಂತ ಸ್ಟ್ಯಾನಿ, ಸಂಜೆಯ ಬೆಳಕಿಗೆ ಪಳಪಳ ಹೊಳೆಯುವ ಮೂರು ಪೆಟ್ಟಿಗೆ, ಪಕ್ಕದಲ್ಲಿ ಮದುಮಗಳು. ಬೈಕು ಕಂಬಕ್ಕೆ ವಾಲಿದ ರಭಸಕ್ಕೆ ಒಂದು ಪೆಟ್ಟಿಗೆಯ ಮುಚ್ಚಳ ತೆರೆದು ಕೆಲವು ಕಾಯಿ ಹೊರಗುರುಳಿ ಒಡೆದಿದ್ದವು. ಪಕ್ಕದಲ್ಲಿ ಬಾಳೆಗೊನೆ ಬಿದ್ದಿತ್ತು. ಪಟಾಕಿ ಹಿಡಿದು ಓಡಿಬಂದ ಮಹಾದೇವಯ್ಯ ಬಗ್ಗಿ ಅವನ್ನೆಲ್ಲ ಪರೀಕ್ಷಿಸಿದ.

"ಇಲ್ಲೇ ನಿಂತಿತ್ತು. ಕಾಯಿ ಒಡ್ದೈತೆ. ಬೆಟ್ಟಮ್ಮನ ಗೊನೆ ಇಲ್ಲೇ ಬಿಸಾಕೈತೆ. ಯಾವ ಕಡೆ ಹೋಯ್ತಮ್ಮಾ?"

ಏಂಜೆಲಾ ಆಚೆಯ ಕಾಡಿನ ಕಡೆ ಕೈ ತೋರಿಸಿದಳು. ತಂಡ ಆ ಕಡೆ ಹೋಗಿ ಪಟಾಕಿ ಹಚ್ಚಿತು. ಕ್ಯಾರೋಲಿನ್ ಗಂಡನ ಎದೆಗೆ ಎರಡೂ ಕೈಯಲ್ಲಿ ಗುದ್ದಿ, ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು.

ಭಾವ ಬಹಳ ಹೊತ್ತು ಸ್ಟ್ಯಾನಿಯನ್ನು ನೋಡಿದರು. ಒಡೆಯದೆ ಉಳಿದ ಕಾಯಿಗಳನ್ನು ನೋಡಿದರು. "ಆನೆ ಬೆನ್ನು ಹತ್ತಿದ್ರೂ ಕಾಯಿ ಬಿಡ್ಲಿಲ್ವಲ್ಲೋ" ಎಂದರು. ಕತ್ತರಿಯನ್ನು ಎತ್ತಿ ಡ್ರಾಯರಿನೊಳಗಿಟ್ಟವರು ಅವರೇ.

ಕಾಯಿ ತುರಿದು ಹಾಲು ಹಿಂಡುವಷ್ಟರಲ್ಲಿ ಐದು ಹೊಡೆದು ಎಷ್ಟೋ ಹೊತ್ತಾಗಿತ್ತು, ಗಡಿಯಾರ ಯಾರೂ ನೋಡಲಿಲ್ಲ. ಏಂಜೆಲಾ ಮಣೆಯ ಮೇಲೆ ಕೂತು, ಮೊದಲು ಮಾಮನೇ ಹಚ್ಚಬೇಕೆಂದು ಹಟ ಹಿಡಿದಳು. ಸ್ಟ್ಯಾನಿ ಬೊಗಸೆಯಲ್ಲಿ ಹಾಲು ತೆಗೆದು ಸುರಿದ. ಹಾಲು ಅವಳ ಬೈತಲೆಯಿಂದ ಹಣೆಗೆ, ಹಣೆಯಿಂದ ಕೆನ್ನೆಗೆ ಇಳಿಯಿತು. ಅವಳು ಅಳುತ್ತಿದ್ದಳು. ಯಾಕಮ್ಮ ಎಂದರೆ, ಕಣ್ಣಿಗೆ ಕಾಯಿಹಾಲು ಹೋಯಿತು ಎಂದಳು.

ಮಾರನೆಯ ದಿನ ಮದುವೆಯಲ್ಲಿ ಜನ ಮದುಮಗನಿಗಿಂತ ಹೆಚ್ಚಾಗಿ ಸ್ಟ್ಯಾನಿಯ ಕೈ ಕುಲುಕಿದರು. ಭಾವ ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಬಂದವರಿಗೆಲ್ಲ "ನಮ್ ಸ್ಟ್ಯಾನಿ" ಎಂದು ಪರಿಚಯ ಮಾಡಿದರು. ಸ್ಟ್ಯಾನಿ ಪ್ರತಿಯೊಬ್ಬರಿಗೂ ಸಲಗದ ವರ್ಣನೆ ಕೊಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೆ ಕಣ್ಣು, ಕಿವಿ, ಮದಜಲ ಎಲ್ಲ ಬಂದಿದ್ದವು. ಪೆಟ್ಟಿಗೆಗಳ ಹೊಳಪಿಗೆ ಕಣ್ಣು ಕೋರೈಸಿ ಅದು ಓಡಿಹೋಯಿತು ಎಂಬುದು ಅವನ ದೃಢವಾದ ನಂಬಿಕೆ. ಅಂದಿನಿಂದ ಅವನು ಪೆಟ್ಟಿಗೆ ಮುಚ್ಚುವುದಿಲ್ಲ. ಟಾರ್ಪಾಲನ್ನು ಆನೆಯೇ ಎಳೆದುಕೊಂಡು ಹೋಯಿತೆಂದು ಅವನು ತಿಳಿದಿದ್ದಾನೆ. ಆಮೇಲೆ ಆ ದಾರಿಯಲ್ಲಿ ಸಮದಂತದ ಸಲಗವನ್ನು ಯಾರೂ ಕಂಡಿಲ್ಲ. ಬೇರೆ ಕಾಡಿಗೆ ಹೋಗಿರಬೇಕೆಂದು ಮಹಾದೇವಯ್ಯನ ಅಭಿಪ್ರಾಯ.

ಮೊನ್ನೆ ಏಂಜೆಲಾ ತವರಿಗೆ ಬಂದವಳು ಪುಡಿ ತೆಗೆದುಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಳು. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದೆ.

"ಏನಮ್ಮ, ನಮ್ ಸಲಗ ಈಗ ಎಲ್ಲೈತೆ?"

"ಅತ್ತೆ ಮನೇಲಿ, ನನ್ ಪೆಟ್ಟಿಗೆ ತಳದಲ್ಲಿ ಮಡಚಿ ಇಟ್ಟಿದೀನಿ ಅಂಕಲ್" ಎಂದಳು. "ಮಳೆಗಾಲಕ್ಕೆ ಸೌದೆ ಮುಚ್ಚಕ್ಕೆ ಕೊಡು ಅಂತ ಅತ್ತೆ ಕೇಳಿದ್ರು. ಇದು ನನ್ ಸೋದರಮಾವ ಕೊಟ್ಟಿದ್ದು, ಕೊಡಲ್ಲ ಅಂದ್ಬುಟ್ಟೆ."